ಪಹಣಿ ಇಲ್ಲದವರಿಗೆ ಬಿಸಿಲಿನಲ್ಲಿ ಪಾಲೆಷ್ಟು?

ಮಧುಗಿರಿ ಉಪವಿಭಾಗದ ಬಿಸಿಲಿಗೂ ಒಂದು ದಿನ ಬೆಲೆ ಬರುತ್ತದೆ ಎಂದು ಇಪ್ಪತ್ತು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ಸಿದ್ದರಬೆಟ್ಟದ ತಪ್ಪಲಿನವರಾದ ನಾವೂ ನಕ್ಕುಬಿಡುತ್ತಿದ್ದೆವು. ಆಗ ನಮ್ಮ ಸುತ್ತಿನ ಹೆಗ್ಗುರುತು ಬರಗಾಲವೊಂದೇ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಮಾಡಿದಾಗ ಪಾವಗಡ, ಮಧುಗಿರಿ, ಶಿರಾ ಮೂರೂ ಅದರಲ್ಲಿದ್ದವು. ಅದೇ ಪಾವಗಡದ ಬಿಸಿಲಿನಿಂದ ಈಗ 2,050 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಸ್ಥಾವರ ನಡೆಯುತ್ತಿದೆ. ನಾಗಲಮಡಿಕೆ ಹೋಬಳಿಯ ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು ಸುತ್ತಿನ ಐದು ಗ್ರಾಮಗಳ ಸುಮಾರು 13 ಸಾವಿರ ಎಕರೆಯಲ್ಲಿ ಸೋಲಾರ್ ಫಲಕಗಳು ಹರಡಿವೆ. ಮೊದಲ ಹಂತ 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು, 2019ರ ಕೊನೆಗೆ ಪೂರ್ಣ ಸಾಮರ್ಥ್ಯ ಮುಟ್ಟಿತು.

ಇಲ್ಲಿ ಸರ್ಕಾರ ಮಾಡಿದ ಒಂದು ಕೆಲಸವನ್ನು ಮೆಚ್ಚಲೇಬೇಕು. ಜಮೀನನ್ನು ಸ್ವಾಧೀನ ಮಾಡಿಕೊಂಡು ಪರಿಹಾರದ ಚೆಕ್ ಕೈಗಿಟ್ಟು ರೈತನನ್ನು ಸಾಗಹಾಕಲಿಲ್ಲ. ಗುತ್ತಿಗೆಗೆ ಪಡೆಯಿತು. ಹೆಸರು ಪಹಣಿಯಲ್ಲೇ ಉಳಿಯಿತು, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ ಬಾಡಿಗೆ ಗೊತ್ತಾಯಿತು. ಮಳೆ ಕೈಕೊಟ್ಟರೆ ಬಿತ್ತಿದ ಬೀಜವೂ ಹುಟ್ಟದ ಕಡಲೆಕಾಯಿ ಹೊಲದಲ್ಲಿ ಅಷ್ಟು ಹಣ ಗ್ಯಾರಂಟಿಯಾಗಿ ಬರುತ್ತದೆಂದರೆ ಯಾರು ಬೇಡವೆನ್ನುತ್ತಾರೆ? ಕೊಳವೆಬಾವಿಯ ಸಾಲದಲ್ಲಿ ಮುಳುಗಿದವರಿಗೆ ಇದು ಉಸಿರು ಕೊಟ್ಟಿತು. ಹೊರಗಿನಿಂದ ಬಂದು ‘ರೈತರ ನೆಲ ಹೋಯಿತು’ ಎಂದು ಮರುಗುವವರು ಈ ಲೆಕ್ಕವನ್ನು ಮೊದಲು ತಿಳಿಯಬೇಕು.

ಆದರೆ ಲೆಕ್ಕ ಅಲ್ಲಿಗೇ ನಿಲ್ಲುವುದಿಲ್ಲ. ಬಾಡಿಗೆ ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುತ್ತದೆ. ಈ ದರದಲ್ಲಿ 24 ವರ್ಷ ಕಳೆದರೆ 21 ಸಾವಿರ ಸುಮಾರು 37,700 ಆಗುತ್ತದೆ, ಎರಡು ಪಟ್ಟೂ ಇಲ್ಲ. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದವೆಂದು ಇಟ್ಟುಕೊಂಡರೂ ಅಷ್ಟರಲ್ಲಿ ಅಕ್ಕಿ, ಬೇಳೆ, ಮಕ್ಕಳ ಫೀಸು ಮೂರು ಪಟ್ಟು ದಾಟಿರುತ್ತವೆ. ಇಂದು ನೆಮ್ಮದಿ ಎನಿಸುವ ಬಾಡಿಗೆ ಮಗನ ಕಾಲಕ್ಕೆ ಕೈಖರ್ಚಿನ ಮಟ್ಟಕ್ಕೆ ಇಳಿಯುತ್ತದೆ. ಆ ಹೊತ್ತಿಗೆ ಪಾಲಾದ ಅಣ್ಣತಮ್ಮಂದಿರೆಷ್ಟೋ! ಪೌತಿ ಖಾತೆಯೇ ಆಗದೆ ಪಹಣಿಯಲ್ಲಿ ಇನ್ನೂ ತಾತನ ಹೆಸರೇ ಇರುವ ಮನೆಗಳ ಜಗಳ ಬೇರೆ.

ಇದೆಲ್ಲ ಜಮೀನು ಉಳ್ಳವರ ಮಾತಾಯಿತು. ನನ್ನ ತಕರಾರು ಇರುವುದು ಪಹಣಿಯೇ ಇಲ್ಲದವರ ವಿಷಯದಲ್ಲಿ. ಹೊಲ ಒಬ್ಬರ ಹೆಸರಿನಲ್ಲಿದ್ದರೂ ಅದರಿಂದ ಅನ್ನ ತಿನ್ನುತ್ತಿದ್ದವರು ಹಲವರು. ಕಳೆ ತೆಗೆಯುವುದು, ಕಡಲೆಕಾಯಿ ಗಿಡ ಕೀಳುವುದು, ಕಾಯಿ ಬಿಡಿಸುವುದು ಎಲ್ಲ ಹೆಚ್ಚಾಗಿ ಹೆಂಗಸರ ಕೂಲಿ. ಅವರಲ್ಲಿ ಬಹುಪಾಲು ಭೂಮಿಯೇ ಇಲ್ಲದ ದಲಿತ ಕುಟುಂಬಗಳವರು. ಬೇಲಿ ಬಿದ್ದ ದಿನ ಜಮೀನ್ದಾರನಿಗೆ ಬಾಡಿಗೆ ಶುರುವಾಯಿತು, ಇವರಿಗೆ ಕೂಲಿ ನಿಂತಿತು. ಫಲಕ ಒರೆಸುವ, ಹುಲ್ಲು ಕೀಳುವ, ರಾತ್ರಿ ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿತು, ನಿಜ. ಆದರೆ ಸೋಲಾರ್ ಸ್ಥಾವರ ಒಮ್ಮೆ ಕಟ್ಟಿ ಮುಗಿದರೆ ಅದಕ್ಕೆ ಬೇಕಾಗುವ ಕೈಗಳು ತೀರಾ ಕಡಿಮೆ. ಒರೆಸುವುದಕ್ಕೂ ಈಗ ಯಂತ್ರಗಳು ಬಂದಿವೆ. ಬಗರ್‌ ಹುಕುಂನಲ್ಲಿ ಉಳುತ್ತಿದ್ದು ಸಾಗುವಳಿ ಚೀಟಿ ಸಿಗದವರ ಪಾಡನ್ನಂತೂ ಯಾವ ಕರಾರೂ ಕೇಳುವುದಿಲ್ಲ.

ಇನ್ನು ಕುರಿಗಾಹಿಗಳು. ಶಿರಾ, ಪಾವಗಡದ ಹಟ್ಟಿಗಳಲ್ಲಿ ಬರಗಾಲದಲ್ಲೂ ಕೈಬಿಡದ ಬ್ಯಾಂಕು ಎಂದರೆ ಕುರಿ. ಸುಗ್ಗಿ ಮುಗಿದ ಹೊಲದಲ್ಲಿ ಮಂದೆ ಮೇಯುವುದು, ಹೊಲದವನಿಗೆ ಗೊಬ್ಬರ ಸಿಗುವುದು ಯಾವ ಕಾಗದದಲ್ಲೂ ಇಲ್ಲದ ಹಳೆಯ ಒಪ್ಪಂದ. ಕಾಗದದಲ್ಲಿ ಇಲ್ಲದ್ದರಿಂದಲೇ ಗುತ್ತಿಗೆಯ ಲೆಕ್ಕಕ್ಕೆ ಅದು ಬರಲಿಲ್ಲ. ತಮಾಷೆಯೆಂದರೆ ಅಮೆರಿಕ, ಆಸ್ಟ್ರೇಲಿಯಾದಲ್ಲಿ ಫಲಕಗಳ ಕೆಳಗಿನ ಹುಲ್ಲು ತೆಗೆಯಲು ಕಂಪನಿಗಳೇ ಕುರಿಗಳನ್ನು ಕರೆಸಿಕೊಳ್ಳುತ್ತವೆ. ಅಮೆರಿಕದಲ್ಲಂತೂ ಕುರಿ ಮೇಯಿಸುವವನಿಗೆ ಹಣವೂ ಸಿಗುತ್ತದೆ. ಕುರಿಗೆ ಹೆಸರಾದ ನಮ್ಮ ಸೀಮೆಯಲ್ಲಿ ಮಂದೆ ಬೇಲಿಯ ಆಚೆ ನಿಂತಿರಬೇಕೆ? ಫಲಕದ ಎತ್ತರ, ತಂತಿಗಳ ರಕ್ಷಣೆಯ ಬಗ್ಗೆ ಎಂಜಿನಿಯರುಗಳು ತಕರಾರು ತೆಗೆಯಬಹುದು. ಮೇಕೆಗಳು ಮೇಲೆ ಹತ್ತಿಬಿಡುತ್ತವೆ ಎಂಬುದಂತೂ ಸುಳ್ಳಲ್ಲ! ಆದರೆ ಹೊಸದಾಗಿ ಕಟ್ಟುವಾಗಲೇ ಯೋಚಿಸಿದರೆ ಇವು ಬಗೆಹರಿಯದ ಸಮಸ್ಯೆಗಳೇನಲ್ಲ.

ಈ ಮಾತು ಈಗ ಏಕೆಂದರೆ ಪಾವಗಡದ ಸೋಲಾರ್ ಪಾರ್ಕನ್ನು ಇನ್ನೂ 10 ಸಾವಿರ ಎಕರೆಗೆ ವಿಸ್ತರಿಸುವ ಪ್ರಸ್ತಾಪ 2023ರಿಂದ ಚಾಲ್ತಿಯಲ್ಲಿದೆ. ಇನ್ನೊಂದೆಡೆ ರೈತರ ಪಂಪ್‌ಸೆಟ್‌ಗಳಿಗೆ ಸೌರ ವಿದ್ಯುತ್ ಕೊಡುವ ಕುಸುಮ್‌ ಯೋಜನೆಯಡಿ ಸಬ್‌ಸ್ಟೇಷನ್‌ಗಳ ಆಸುಪಾಸಿನ ಸರ್ಕಾರಿ ಜಾಗಗಳಲ್ಲೂ ಸಣ್ಣ ಸ್ಥಾವರಗಳು ಬರುತ್ತಿವೆ. ಪಂಪ್‌ಸೆಟ್ಟಿಗೆ ಹಗಲು ಕರೆಂಟು ಸಿಗುವುದು ಒಳ್ಳೆಯದೇ. ರಾತ್ರಿ ಹೊತ್ತು ಹಾವು, ಕರಡಿಗೆ ಅಂಜಿಕೊಂಡು ತೋಟಕ್ಕೆ ನೀರು ಕಟ್ಟಿದ ನಮ್ಮ ಕಡೆಯ ರೈತರಿಗೆ ಅದರ ಬೆಲೆ ಗೊತ್ತು. ಆದರೆ ಸರ್ಕಾರಿ ಜಾಗ ಎಂದರೆ ಹಲವು ಊರುಗಳಲ್ಲಿ ಗೋಮಾಳವೇ. ಅದರ ಬಾಡಿಗೆಯಾದರೂ ಊರಿಗೇ ಬರಬೇಡವೆ?

ಪಾವಗಡದ ಗುತ್ತಿಗೆ ಮಾದರಿಯನ್ನು ಬಿಡಬೇಕಿಲ್ಲ, ಅದರ ಮುಂದಿನ ಕರಾರನ್ನು ತಿದ್ದಬೇಕು. ಬಾಡಿಗೆಯ ಏರಿಕೆಯನ್ನು ಬೆಲೆಯೇರಿಕೆಗೆ ಕಟ್ಟಬೇಕು. ಉತ್ಪಾದನೆಯಾದ ಪ್ರತಿ ಯೂನಿಟ್ಟಿನಿಂದ ಒಂದಿಷ್ಟು ಪೈಸೆಯನ್ನು ಆಯಾ ಗ್ರಾಮದ ಭೂಹೀನ ಕುಟುಂಬಗಳಿಗೆಂದೇ ತೆಗೆದಿಡಬೇಕು. ಆ ಪಟ್ಟಿ ಗ್ರಾಮಸಭೆಯಲ್ಲೇ ಸಿದ್ಧವಾಗಬೇಕು. ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆಯ ಶಾಸಕರು ಯಾವ ಪಕ್ಷದವರೇ ಆಗಿರಲಿ, ಹೊಸ ಕರಾರಿಗೆ ಸಹಿ ಬೀಳುವ ಮುನ್ನ ಇದನ್ನು ಸದನದಲ್ಲಿ ಕೇಳಲಿ.