ಅಂಜಿದ ಜೊತೆಗಾರನಿಗೆ ಏನು ಹೇಳಬೇಕು?

ಸಾಹಸಯಾತ್ರೆಯ ವೈಜ್ಞಾನಿಕ ಕಥೆಗಳನ್ನು ಓದುವ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ಗಮನಿಸಿರಬಹುದು. ಯಾತ್ರೆ ಚಂದ್ರಲೋಕಕ್ಕಿರಲಿ, ಕಡಲಿನ ತಳಕ್ಕಿರಲಿ, ಭೂಗರ್ಭಕ್ಕಿರಲಿ, ಸಾಮಾನ್ಯವಾಗಿ ಅದರಲ್ಲಿ ಇಬ್ಬರು ಇರುತ್ತಾರೆ. ಒಬ್ಬನು ಮುಂದೆ ನಡೆಯುವವನು, ಇನ್ನೊಬ್ಬನು ಅಂಜುವವನು. ಮೊದಲನೆಯವನನ್ನು ನಾವೆಲ್ಲರೂ ಮೆಚ್ಚುತ್ತೇವೆ, ಎರಡನೆಯವನನ್ನು ಕಂಡು ನಗುತ್ತೇವೆ. ಅವನು ಹೇಡಿ, ಕಥೆಯ ಓಟಕ್ಕೆ ಅಡ್ಡಿ ಎಂದು ಭಾವಿಸುತ್ತೇವೆ. ಈ ಭಾವನೆ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಅಂಜಿದ ಜೊತೆಗಾರನು ಕೇಳುವ ಪ್ರಶ್ನೆಯೇ ವಿಜ್ಞಾನದ ಬಾಗಿಲು. ಅವನಿಗೆ ಯಾವ ಬಗೆಯ ಉತ್ತರ ದೊರೆಯಿತೆಂಬುದರಿಂದಲೇ ಆ ಕಥೆ ವೈಜ್ಞಾನಿಕವೋ ಬರಿಯ ಅಡಗೂಲಜ್ಜಿಯ ಕಥೆಯೋ ಎಂಬುದನ್ನು ನಿರ್ಣಯಿಸಬಹುದು.

ಫ್ರಾನ್ಸಿನ ಜೂಲ್ಸ್ ವರ್ನ್ 1864ರಲ್ಲಿ ಪ್ರಕಟಿಸಿದ ಭೂಗರ್ಭಯಾತ್ರೆಯ ಕಾದಂಬರಿ ಇದಕ್ಕೆ ಒಳ್ಳೆಯ ನಿದರ್ಶನ. ಹ್ಯಾಂಬರ್ಗ್ ನಗರದ ಪ್ರೊಫೆಸರ್ ಲೀಡನ್‌ಬ್ರಾಕ್ ಅವರು ಐಸ್‌ಲೆಂಡಿನ ಒಂದು ಆರಿದ ಜ್ವಾಲಾಮುಖಿಯ ಬಾಯಿಂದ ಭೂಮಿಯ ಕೇಂದ್ರಕ್ಕೆ ಇಳಿಯಲು ಹೊರಡುತ್ತಾರೆ. ಅವರ ಮನೆಯಲ್ಲಿಯೇ ಬೆಳೆದ ಬಂಧು, ತರುಣ ಆಕ್ಸೆಲ್, ಒಲ್ಲದ ಮನಸ್ಸಿನಿಂದ ಜೊತೆಗೆ ಹೋಗುತ್ತಾನೆ. ಆಳಕ್ಕೆ ಹೋದಂತೆ ಉಷ್ಣತೆ ಏರುತ್ತದೆ, ಕೇಂದ್ರದಲ್ಲಿ ಬಂಡೆಗಳೇ ಕರಗಿರಬೇಕು, ಅಲ್ಲಿಗೆ ಹೋಗುವುದು ಹೇಗೆ ಎಂಬುದು ಅವನ ಆಕ್ಷೇಪ. ಪ್ರೊಫೆಸರರು ದೊಡ್ಡ ವಿಜ್ಞಾನಿಯೊಬ್ಬರ ಹೆಸರು ಹೇಳಿ ಅವನ ಬಾಯಿ ಕಟ್ಟುತ್ತಾರೆ. ಆದರೆ ಇಂದಿನ ಜ್ಞಾನದ ಬೆಳಕಿನಲ್ಲಿ ನೋಡಿದರೆ ಆಕ್ಸೆಲನ ವಾದವೇ ಸರಿ, ಪ್ರೊಫೆಸರರ ವಾದವೇ ತಪ್ಪು! ಭಯಪಟ್ಟವನು ಅಜ್ಞಾನಿ, ಧೈರ್ಯಶಾಲಿಯೇ ಜ್ಞಾನಿ ಎಂದು ಎಣಿಸುವವರು ಇದನ್ನು ನೆನಪಿನಲ್ಲಿಡಬೇಕು.

ಆದರೂ ಧೈರ್ಯ ಕೊಡುವ ಬಗೆ ಪ್ರೊಫೆಸರರಿಗೆ ತಿಳಿಯದೆ ಇರಲಿಲ್ಲ. ದಾರಿಯಲ್ಲಿ ಕೋಪನ್‌ಹೇಗನ್ ನಗರದ ಒಂದು ಚರ್ಚಿನ ಎತ್ತರದ ಗೋಪುರಕ್ಕೆ ಅವರು ಆಕ್ಸೆಲನನ್ನು ಹತ್ತಿಸುತ್ತಾರೆ. ಮೊದಲ ದಿನ ಅವನಿಗೆ ತಲೆ ಸುತ್ತುತ್ತದೆ. ಐದು ದಿನ ಇದೇ ಅಭ್ಯಾಸ ನಡೆದ ಮೇಲೆ ಕೆಳಗೆ ನೋಡುವುದು ಅವನಿಗೆ ಅಭ್ಯಾಸವಾಗತೊಡಗುತ್ತದೆ. ಮುಂದೆ ಭೂಮಿಯೊಳಗೆ ನೀರು ಮುಗಿದು ಆಕ್ಸೆಲ್ ಕುಸಿದಾಗ, ಅವನಿಗಾಗಿಯೇ ಬಚ್ಚಿಟ್ಟಿದ್ದ ಕೊನೆಯ ಗುಟುಕನ್ನು ಅವರು ಕುಡಿಸುತ್ತಾರೆ. ಅಭ್ಯಾಸ ಮತ್ತು ನೆರವು, ಇವೆರಡೂ ಬರಿಯ ಮಾತಿಗಿಂತ ಹೆಚ್ಚು ಬೆಲೆಯುಳ್ಳವು.

ಅದೇ ಕಾದಂಬರಿಯ ಇನ್ನೊಂದು ಪ್ರಸಂಗವು ನಮ್ಮ ಮುಖ್ಯ ಅಭಿಪ್ರಾಯಕ್ಕೆ ಆಧಾರ. ಆಕ್ಸೆಲ್ ಕತ್ತಲ ಸುರಂಗದಲ್ಲಿ ದಾರಿ ತಪ್ಪಿ ಒಂಟಿಯಾಗುತ್ತಾನೆ. ದೀಪ ಆರಿದೆ. ಆಗ ಬಂಡೆಯ ಗೋಡೆಯ ಗುಂಟ ಪ್ರೊಫೆಸರರ ದನಿ ಕ್ಷೀಣವಾಗಿ ಕೇಳಿಬರುತ್ತದೆ. ಇಂಥ ಸಮಯದಲ್ಲಿ ಬೇರೊಬ್ಬರಾಗಿದ್ದರೆ ದೇವರಿದ್ದಾನೆ, ಹೆದರಬೇಡ ಎಂದಷ್ಟೇ ಹೇಳುತ್ತಿದ್ದರೇನೋ. ಇವರು ಗಡಿಯಾರವನ್ನು ಹಿಡಿದು, ಕೂಗು ಹೋಗಿ ಮರುದನಿ ಬರಲು ತಗುಲುವ ಕಾಲವನ್ನು ಅಳೆಯುತ್ತಾರೆ. ಮಾತು ಹೋಗಿಬರಲು 40 ಸೆಕೆಂಡು, ಒಂದು ಕಡೆಗೆ 20 ಸೆಕೆಂಡು. ಶಬ್ದದ ವೇಗ ಸೆಕೆಂಡಿಗೆ 1020 ಫ್ರೆಂಚ್ ಅಡಿ. ಅಂದಮೇಲೆ ಇಬ್ಬರ ನಡುವಿನ ದೂರ 20,400 ಅಡಿ, ಸುಮಾರು ಆರೂವರೆ ಕಿಲೋಮೀಟರು. ಅಷ್ಟು ದೂರಕ್ಕೆ ಮನುಷ್ಯನ ದನಿ ಕೇಳಿಸೀತೇ ಎಂದು ಭೌತವಿಜ್ಞಾನದ ವಿದ್ಯಾರ್ಥಿ ಸಂಶಯಪಡಬಹುದು, ಪಡಲೂ ಬೇಕು. ಆದರೆ ಆ ಲೆಕ್ಕವು ಮಾಡಿದ ಕೆಲಸವನ್ನು ನೋಡಿರಿ. ಕೊನೆಯಿಲ್ಲದ ಕತ್ತಲೆಗೆ ಒಂದು ಅಳತೆ ಬಂದಿತು. ಅಳತೆಯುಳ್ಳ ದೂರವನ್ನು ನಡೆದು ಮುಗಿಸಬಹುದೆಂಬ ಭರವಸೆ ಆಕ್ಸೆಲನಿಗೆ ಹುಟ್ಟಿತು.

ಇಂಥ ಯಾತ್ರೆಗೆ ಐಸ್‌ಲೆಂಡಿಗೇ ಹೋಗಬೇಕೆಂದಿಲ್ಲ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ವಿದ್ಯಾರ್ಥಿಗಳು ಭೂಗರ್ಭದ ಮೊದಲ ಮೆಟ್ಟಿಲ ಮೇಲೆಯೇ ನಿಂತಿದ್ದಾರೆ. ಭೂಮಿಯನ್ನು ಕೊರೆದು ಇಳಿಯಬಲ್ಲ ಒಂದು ವಾಹನವನ್ನು ಕಲ್ಪಿಸಿಕೊಳ್ಳೋಣ. ಅದು ವಾಡಿ ಜಂಕ್ಷನ್ನಿನ ಬಳಿ ಸಿದ್ಧವಾಗಿ ನಿಂತಿದೆ. ಸೇಡಮಿನ ಕಾಲೇಜು ವಿದ್ಯಾರ್ಥಿಯೊಬ್ಬನು ರೈಲು ಹತ್ತಿ ಚಿತ್ತಾಪುರವನ್ನು ದಾಟಿ ವಾಡಿಗೆ ಬಂದು, ನಮ್ಮೊಡನೆ ಈ ವಾಹನವನ್ನು ಏರಿದ್ದಾನೆ. ಅವನಿಗೆ ಅಂಜಿಕೆ. ಅವನನ್ನು ನಾವು ಹೇಗೆ ಸಂತೈಸಬೇಕು?

ವಾಹನ ಇಳಿಯತೊಡಗಿದೊಡನೆ ಕಿಟಕಿಯ ಆಚೆಗೆ ಬೂದುಬಣ್ಣದ ಕಲ್ಲಿನ ಪದರುಗಳು ಪುಸ್ತಕದ ಹಾಳೆಗಳಂತೆ ಮೇಲೇರುತ್ತವೆ. “ಅಣ್ಣಾ, ಇದು ಯಾವ ಲೋಕ?” ಎಂದು ಅವನು ಕೇಳುತ್ತಾನೆ. “ತಮ್ಮಾ, ಇದು ನಿಮ್ಮ ಮನೆಯ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲೇ” ಎಂದು ಹೇಳಿದರೆ ಅವನ ಅರ್ಧ ಭಯ ಹೋದಂತೆಯೇ. ಅಪರಿಚಿತವಾದುದನ್ನು ಪರಿಚಿತವಾದುದರೊಡನೆ ಜೋಡಿಸುವುದು ಸಮಾಧಾನದ ಮೊದಲ ಹೆಜ್ಜೆ. ಅನಂತರ ಉಳಿದುದನ್ನು ಹೇಳಬಹುದು. ಈ ಸುಣ್ಣಕಲ್ಲು ಬಹು ಪುರಾತನವಾದ ಆಳವಿಲ್ಲದ ಒಂದು ಕಡಲಿನ ತಳದಲ್ಲಿ ಪದರು ಪದರಾಗಿ ಕೂಡಿದುದು. ಆ ಕಾಲಕ್ಕೆ ಭೂಮಿಯ ಮೇಲೆ ಮರಗಳಾಗಲಿ ಮೀನುಗಳಾಗಲಿ ಇರಲಿಲ್ಲ. ಈ ಶಿಲಾಸ್ತೋಮಕ್ಕೆ ಭೂವಿಜ್ಞಾನಿಗಳು ಭೀಮಾ ನದಿಯ ಹೆಸರನ್ನೂ, ಅದರೊಳಗಿನ ಒಂದು ಸುಣ್ಣಕಲ್ಲಿಗೆ ಶಹಾಬಾದಿನ ಹೆಸರನ್ನೂ ಇಟ್ಟಿದ್ದಾರೆ. ಚಿಂಚೋಳಿಯ ಕಡೆಗೆ ಹೋದರೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದಿಂದಾದ ಕಪ್ಪು ಬಂಡೆ ಸಿಗುತ್ತದೆ. ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳು ದಿನವೂ ಅರೆಯುವುದು ಆ ಹಳೆಯ ಕಡಲಿನ ಕೆಸರನ್ನೇ.

ಕೆಲವು ನೂರು ಮೀಟರು ಇಳಿಯುವಷ್ಟರಲ್ಲಿ ಸುಣ್ಣಕಲ್ಲೂ ಅದರ ಕೆಳಗಿನ ಮರಳುಗಲ್ಲೂ ಮುಗಿದು ಗಟ್ಟಿಯಾದ ಗ್ರಾನೈಟು ಬರುತ್ತದೆ. ಮೂರು ಕಿಲೋಮೀಟರಿನ ಆಳದಲ್ಲಿ ನಮ್ಮ ಜೊತೆಗಾರನು ಬೆವರುತ್ತಾನೆ. “ಇಷ್ಟು ಆಳಕ್ಕೆ ಯಾರಾದರೂ ಬಂದು ಬದುಕಿದ್ದಾರೆಯೇ?” ಎಂಬುದು ಅವನ ಪ್ರಶ್ನೆ. ಬಂದಿದ್ದಾರೆ. ನಮ್ಮ ಕೋಲಾರದ ಚಿನ್ನದ ಗಣಿಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳವಾಗಿದ್ದವು. ಅಲ್ಲಿ ಬಂಡೆಯ ಉಷ್ಣತೆ 65 ಡಿಗ್ರಿಯ ಆಸುಪಾಸಿನಲ್ಲಿತ್ತು. ಒತ್ತಡದಿಂದ ಬಂಡೆ ಸಿಡಿಯುವ ಅಪಾಯವೂ ಇತ್ತು. ತಂಪಾದ ಗಾಳಿಯನ್ನು ಒಳಗೆ ಕಳಿಸಿ, ಬಂಡೆಯ ಕಂಪನಗಳನ್ನು ಯಂತ್ರಗಳಿಂದ ಆಲಿಸುತ್ತ, 2001ರಲ್ಲಿ ಗಣಿ ಮುಚ್ಚುವವರೆಗೆ ಸಾವಿರಾರು ಕಾರ್ಮಿಕರು ಇಳಿದು ಹತ್ತಿದರು. ಎಲ್ಲರೂ ಹಿಂದಿರುಗಲಿಲ್ಲವೆಂಬ ಮಾತನ್ನೂ ನಾವು ಮುಚ್ಚಿಡಬಾರದು. ಅದೇ ಗಣಿಯ ಆಳದಲ್ಲಿ 1965ರಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋ ಕಣಗಳ ಸುಳಿವನ್ನು ವಿಜ್ಞಾನಿಗಳು ಹಿಡಿದರು. ಆಕಾಶದ ರಹಸ್ಯವನ್ನು ಅರಿಯಲು ಭೂಮಿಯೊಳಗೆ ಇಳಿದ ಇಂಥ ಯಾತ್ರೆಗೆ ಯಾವ ಕಲ್ಪಿತ ಕಥೆ ಸಾಟಿಯಾದೀತು?

ಹನ್ನೆರಡು ಕಿಲೋಮೀಟರಿನಲ್ಲಿ ನಮ್ಮ ವಾಹನವು ನಿಲ್ಲಬೇಕು. ರಷ್ಯದ ಕೋಲಾ ಪರ್ಯಾಯದ್ವೀಪದಲ್ಲಿ ಕೊರೆದ ರಂಧ್ರವು 1989ರಲ್ಲಿ 12,262 ಮೀಟರನ್ನು ಮುಟ್ಟಿತು. ಎಣಿಸಿದ್ದಕ್ಕಿಂತ ಬಹಳ ಹೆಚ್ಚಾಗಿ, 180 ಡಿಗ್ರಿಯಷ್ಟು ಬಿಸಿ ಅಲ್ಲಿ ಎದುರಾಯಿತು. ಭೂಮಿಯ ತ್ರಿಜ್ಯ 6,371 ಕಿಲೋಮೀಟರು. ಅಂದರೆ ಐನೂರರಲ್ಲಿ ಒಂದು ಪಾಲನ್ನೂ ನಾವು ಇಳಿದಿಲ್ಲ! ಇಲ್ಲಿ “ಇನ್ನೂ ಮುಂದೆ ಹೋಗೋಣ, ಏನೂ ಆಗದು” ಎನ್ನುವವನು ಧೀರನಲ್ಲ, ಸುಳ್ಳುಗಾರ. ಮುಂದಿನ ದಾರಿಯನ್ನು ಕ್ರಮಿಸಿರುವುದು ಭೂಕಂಪದ ಅಲೆಗಳು ಮಾತ್ರ. ಅವು ಭೂಮಿಯ ನಡುವನ್ನು ಹಾಯ್ದು ಸುಮಾರು 20 ನಿಮಿಷಗಳಲ್ಲಿ ಆಚೆಯ ಮಗ್ಗುಲನ್ನು ಸೇರುತ್ತವೆ. ಅವು ತಂದ ಸುದ್ದಿಯಿಂದಲೇ ಡೆನ್ಮಾರ್ಕಿನ ಇಂಗೆ ಲೇಮನ್ ಎಂಬ ಮಹಿಳೆ 1936ರಲ್ಲಿ ಭೂಮಿಯ ಒಳತಿರುಳನ್ನು ಕಂಡುಹಿಡಿದರು.

ಈ ಅಲೆಗಳ ಮಾತು ಬಂದೊಡನೆ ನಮ್ಮ ಕಲ್ಪನೆಯ ಯಾತ್ರೆ ಮುಗಿದು ವಾಸ್ತವ ಜಗತ್ತು ಎದುರಾಗುತ್ತದೆ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರ ಮತ್ತು ಸುತ್ತಣ ಗ್ರಾಮಗಳಲ್ಲಿ ನೆಲದೊಳಗಿನಿಂದ ಗುಡುಗಿನಂಥ ಸದ್ದು ಮೇಲಿಂದ ಮೇಲೆ ಕೇಳಿಬಂದಿತು. ಅಕ್ಟೋಬರ್ 11ರ ರಾತ್ರಿಯ ಕಂಪನದ ಪ್ರಮಾಣ 4.1. ಜನರು ಮನೆಯೊಳಗೆ ಮಲಗಲು ಅಂಜಿ ಬಯಲಿನಲ್ಲಿ ರಾತ್ರಿಗಳನ್ನು ಕಳೆದರು. ಕೆಲವರು ಊರನ್ನೇ ಬಿಟ್ಟು ಹೋದರು. ಇಲ್ಲಿ ಅಂಜಿದ ಜೊತೆಗಾರನು ಕಾದಂಬರಿಯ ಪಾತ್ರವಲ್ಲ, ನಮ್ಮದೇ ಮನೆಯ ಅಜ್ಜಿ, ತಾಯಿ, ಪುಟ್ಟ ತಂಗಿ. ವಿಜ್ಞಾನವನ್ನು ಓದುವ ಮಗನನ್ನೋ ಮಗಳನ್ನೋ ನೋಡಿ ಅವರು ಕೇಳುವ ಪ್ರಶ್ನೆ ಒಂದೇ: “ಏನಾಗುತ್ತದೆ?”

ಈ ಪ್ರಶ್ನೆಗೆ ಎರಡು ಕೆಟ್ಟ ಉತ್ತರಗಳಿವೆ. ಊರು ಮುಳುಗುತ್ತದೆ, ಜ್ವಾಲಾಮುಖಿ ಏಳುತ್ತದೆ ಎಂಬ ವದಂತಿ ಮೊದಲನೆಯದು. ಏನೂ ಆಗುವುದೇ ಇಲ್ಲ, ಸುಮ್ಮನೆ ಮಲಗಿರಿ ಎಂಬ ಹುಸಿ ಅಭಯ ಎರಡನೆಯದು. ಮೊದಲನೆಯದನ್ನು ಎಲ್ಲರೂ ಖಂಡಿಸುತ್ತಾರೆ. ಎರಡನೆಯದೂ ಅಷ್ಟೇ ಅಪಾಯಕರವೆಂಬುದು ನಮ್ಮ ದೃಢವಾದ ಅಭಿಪ್ರಾಯ. ಚಿಂಚೋಳಿಗೆ ಸುಮಾರು ನೂರು ಕಿಲೋಮೀಟರು ವಾಯವ್ಯಕ್ಕೆ ಮಹಾರಾಷ್ಟ್ರದ ಕಿಲ್ಲಾರಿ ಇದೆ. ದಖ್ಖನಿನ ನೆಲ ಅಲುಗಾಡದೆಂಬ ನಂಬಿಕೆ ಆಗ ಬಲವಾಗಿತ್ತು. ಅಲ್ಲಿಯೂ 1992ರ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಸಣ್ಣ ಕಂಪನಗಳಾದವು, ನಿಂತವು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ 6.2 ಪ್ರಮಾಣದ ಭೂಕಂಪವಾಗಿ ಸಾವಿರಾರು ಜನ ಮಡಿದರು. ಕೊಂದದ್ದು ಹೆಚ್ಚಾಗಿ ನೆಲದ ಅಲುಗಾಟವಲ್ಲ, ಮಣ್ಣಿನಲ್ಲಿ ಕಟ್ಟಿದ ಭಾರವಾದ ಕಲ್ಲುಗೋಡೆಗಳು.

ಹಾಗಾದರೆ ಸರಿಯಾದ ಉತ್ತರ ಯಾವುದು? ಅದರಲ್ಲಿ ನಾಲ್ಕು ಅಂಗಗಳಿರಬೇಕು. ಪ್ರಶ್ನೆಯನ್ನು ನಗದೆ ಕೇಳಿಕೊಳ್ಳುವುದು ಮೊದಲನೆಯದು. ತಿಳಿದುದನ್ನು ಅಳತೆಯೊಡನೆ ಹೇಳುವುದು ಎರಡನೆಯದು. ಮಳೆಗಾಲದ ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ಒತ್ತಡ ಬದಲಾದಾಗ ಇಂಥ ಸಣ್ಣ ಕಂಪನಗಳು ಆಗಬಹುದೆಂದು ತಜ್ಞರು ವಿವರಿಸಿದ್ದಾರೆ. ಪ್ರಮಾಣ ಒಂದು ಅಂಕ ಏರಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು, ಎರಡು ಅಂಕ ಏರಿದರೆ ಸುಮಾರು ಸಾವಿರ ಪಟ್ಟು. ಆದುದರಿಂದ ಕಿಲ್ಲಾರಿಯ ಭೂಕಂಪವು ಗಡಿಕೇಶ್ವರದ ಕಂಪನಕ್ಕಿಂತ ಸಾವಿರ ಪಟ್ಟಿಗೂ ಮಿಗಿಲಾದುದು. ಈ ಲೆಕ್ಕವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಿ ತೋರಿಸಬಲ್ಲನು. ಮೂರನೆಯದು, ಮಿತಿಯನ್ನು ಒಪ್ಪಿಕೊಳ್ಳುವುದು. ಭೂಕಂಪದ ದಿನ, ವೇಳೆಗಳನ್ನು ಮುಂಗಡವಾಗಿ ಹೇಳುವ ವಿಜ್ಞಾನ ಇನ್ನೂ ಹುಟ್ಟಿಲ್ಲ. ಹೇಳುತ್ತೇನೆನ್ನುವವರನ್ನು ನಂಬಬೇಕಾಗಿಲ್ಲ. ನಾಲ್ಕನೆಯದು, ಕೈಗೆ ಕೆಲಸ ಕೊಡುವುದು. ಸಡಿಲವಾದ ಗೋಡೆಯ ಪಕ್ಕದಲ್ಲಿ ಹಾಸಿಗೆ ಹಾಕಬಾರದು. ಅಟ್ಟದ ಭಾರವನ್ನು ಇಳಿಸಬೇಕು. ಹೊಸ ಮನೆ ಕಟ್ಟುವಾಗ ಗೋಡೆಗಳನ್ನು ಸುತ್ತಲೂ ಕಾಂಕ್ರೀಟಿನ ಪಟ್ಟಿಯಿಂದ ಬಂಧಿಸಬೇಕು. ಕಲ್ಲಿನ ನಾಡಿನಲ್ಲಿ ಬಾಳುವವರಿಗೆ ಇದು ಮುಖ್ಯವಾದ ಮಾತು. ಕೈ ಕೆಲಸದಲ್ಲಿ ತೊಡಗಿದರೆ ಮನಸ್ಸಿನ ನಡುಕ ತಾನಾಗಿಯೇ ಇಳಿಯುತ್ತದೆ.

ಇಷ್ಟು ವಿವರಿಸುತ್ತ ಕುಳಿತರೆ ಕಥೆಯ ರಸ ಕೆಡುವುದಿಲ್ಲವೇ ಎಂದು ಕೆಲವು ಲೇಖಕರು ಕೇಳಬಹುದು. ಕೆಡುವುದಿಲ್ಲ. ಆಕ್ಸೆಲ್ ಕತ್ತಲಲ್ಲಿ ಪ್ರೊಫೆಸರರ ದನಿಗಾಗಿ ಕಾಯುವ ಪ್ರಸಂಗವು ಆ ಕಾದಂಬರಿಯ ಅತ್ಯಂತ ರೋಮಾಂಚಕಾರಿಯಾದ ಭಾಗಗಳಲ್ಲಿ ಒಂದು. ಅಪಾಯವೆಷ್ಟೆಂದು ಅರಿತ ಓದುಗನಿಗೇ ಉಸಿರು ಬಿಗಿಹಿಡಿಯುವಂತಾಗುವುದು. ವಿಜ್ಞಾನದ ಕಥೆಗಳನ್ನು ಓದುವುದು ಕಾಲಹರಣ ಎನ್ನುವ ಹಿರಿಯರಿಗೂ ನಮ್ಮ ಉತ್ತರ ಇದೇ. ಕಥೆಯಲ್ಲಿ ಒಮ್ಮೆ ಭೂಗರ್ಭಕ್ಕೆ ಇಳಿದು, ಅಂಜಿ, ಪ್ರಶ್ನಿಸಿ, ಲೆಕ್ಕ ಹಾಕಿ ಮೇಲೆ ಬಂದ ಹುಡುಗಿಯು, ನಡುರಾತ್ರಿ ನೆಲ ಗುಡುಗಿದಾಗ ಮನೆಯವರ ಕೈ ಹಿಡಿದು ಬಯಲಿಗೆ ಕರೆತರುವಳು, ಬೆಳಗಾದ ಮೇಲೆ ಅದರ ಕಾರಣವನ್ನೂ ಹೇಳುವಳು. ಅದು ಕೋಪನ್‌ಹೇಗನ್ನಿನ ಗೋಪುರವನ್ನು ಐದು ದಿನ ಹತ್ತಿದಂಥ ಅಭ್ಯಾಸ.

ಕಾಗಿಣಾ ನದಿಯ ಈ ಸೀಮೆಯ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಬಿನ್ನಹ. ಅವರು ಇಂಥ ಕಥೆಗಳನ್ನು ಓದಲಿ, ಬರೆಯಲಿ. ಯಾತ್ರೆ ದೂರದ ದ್ವೀಪದಿಂದಲ್ಲ, ಶಹಾಬಾದಿನ ಕಲ್ಲುಗಣಿಯಿಂದಲೇ ಹೊರಡಲಿ. ಆ ಯಾತ್ರೆಯಲ್ಲಿ ಅಂಜುವ ಜೊತೆಗಾರನೊಬ್ಬನು ತಪ್ಪದೆ ಇರಲಿ. ಅವನು ಕೇಳಿದ ಪ್ರತಿಯೊಂದು ಪ್ರಶ್ನೆಗೂ ಪ್ರಾಮಾಣಿಕವಾದ ಉತ್ತರ ಸಿಗಲಿ. ಉತ್ತರವಿಲ್ಲದ ಕಡೆ, ಇಲ್ಲವೆಂದು ಹೇಳಿ ಅವನ ಪಕ್ಕದಲ್ಲಿಯೇ ಕುಳಿತಿರುವ ಸಂಗಾತಿಯೂ ಅಲ್ಲಿರಲಿ.