ಆದೇಶ ಕೈಗೆ ಬಂದ ಮೇಲೆ

ಮೊನ್ನೆ ಸಹೋದರಿಯೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಕಾಗದಪತ್ರಗಳನ್ನು ಸುತ್ತಿಕೊಂಡು ನನ್ನ ಕಚೇರಿಗೆ ಬಂದಿದ್ದರು. ಒಳಗಿದ್ದದ್ದು ಕೌಟುಂಬಿಕ ನ್ಯಾಯಾಲಯದ ಜೀವನಾಂಶದ ಆದೇಶ. ತಿಂಗಳಿಗೆ 5,000 ರೂಪಾಯಿ. ಆದೇಶವಾಗಿ ಮೂರು ವರ್ಷ ಕಳೆದರೂ ಅವರ ಕೈ ಸೇರಿದ್ದು ಎರಡು ತಿಂಗಳ ಹಣ ಮಾತ್ರ. "ಕೇಸು ಗೆದ್ದಾಯಿತಲ್ಲ ಮೇಡಂ, ಇನ್ನು ಕೋರ್ಟೇ ಕೊಡಿಸುತ್ತದೆ ಅಂದುಕೊಂಡಿದ್ದೆ" ಎಂದರು.

ಕೋರ್ಟು ತಾನಾಗಿ ಕೊಡಿಸುವುದಿಲ್ಲ. ನಾವು ಕೇಳಬೇಕು.

ವಿಚ್ಛೇದಿತ ಮುಸ್ಲಿಮ್ ಮಹಿಳೆಗೆ ಇದ್ದತ್ ಮುಗಿದ ನಂತರವೂ ಜೀವನಾಂಶ ಉಂಟೇ ಎಂದು ಈಗಲೂ ಕೇಳುವವರಿದ್ದಾರೆ. ಉಂಟು. ಮರುಮದುವೆಯಾಗುವವರೆಗೆ ಆಕೆ ಅದನ್ನು ಕೇಳಬಹುದೆಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿತ್ತು. 2024ರ ಜುಲೈ 10ರಂದು ತೆಲಂಗಾಣದ ಪ್ರಕರಣವೊಂದರಲ್ಲಿ, ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಹಾಗೂ ನ್ಯಾಯಮೂರ್ತಿ ಆಗಸ್ಟಿನ್ ಜಾರ್ಜ್ ಮಸೀಹ್ ಅವರ ಪೀಠವು 1986ರ ಕಾಯ್ದೆ ಇದಕ್ಕೆ ಅಡ್ಡಿಯಲ್ಲ ಎಂದು ಮತ್ತೊಮ್ಮೆ ಸ್ಪಷ್ಟಪಡಿಸಿತು. ಆ ತಿಂಗಳ ಮೊದಲ ದಿನದಿಂದಲೇ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ನಮಗೆಲ್ಲ ಬಾಯಿಪಾಠವಾಗಿದ್ದ 125ನೇ ಕಲಮು ಈಗ 144. (ವಕೀಲರ ನಾಲಿಗೆಯಲ್ಲಿ ಇನ್ನೂ 125 ಬರುತ್ತಿರುತ್ತದೆ, ನನ್ನದರಲ್ಲೂ.)

ಸಂಖ್ಯೆ ಬದಲಾದರೂ ಒಂದು ಷರತ್ತು ಮಾತ್ರ ಹಾಗೆಯೇ ಉಳಿದಿದೆ. ಈ ಸಹೋದರಿಗೆ ಏಟು ಬಿದ್ದದ್ದು ಅದರಿಂದಲೇ. ಗಂಡ ಹಣ ಕೊಡದಿದ್ದರೆ ವಾರಂಟ್ ಹೊರಡಿಸಿ ವಸೂಲಿ ಮಾಡಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಆಮೇಲೂ ಕೊಡದಿದ್ದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಆದರೆ ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಿರಬೇಕು. ವರ್ಷ ದಾಟಿದ ಬಾಕಿಗೆ ವಾರಂಟ್ ಸಿಗದು. ವರ್ಷದೊಳಗೆ ಹಾಕಿದ ಅರ್ಜಿ ನ್ಯಾಯಾಲಯದಲ್ಲಿ ಬಾಕಿಯಿದ್ದರೆ, ಆಮೇಲೆ ಸೇರುತ್ತಾ ಹೋಗುವ ತಿಂಗಳುಗಳನ್ನೂ ಅದರಲ್ಲೇ ಕೇಳಬಹುದೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಆದ್ದರಿಂದ ಎರಡು ಮೂರು ತಿಂಗಳು ಹಣ ಬಾರದಿದ್ದರೆ ಸಾಕು, ಅರ್ಜಿ ಹಾಕಿಬಿಡಿ. "ಮುಂದಿನ ತಿಂಗಳು ಕೊಡುತ್ತಾನಂತೆ" ಎಂಬ ಹಿರಿಯರ ಸಮಾಧಾನಕ್ಕೆ ಕಾಯುತ್ತಾ ಕುಳಿತರೆ ವರ್ಷ ಉರುಳಿರುತ್ತದೆ.

ಇನ್ನೊಂದು ತಪ್ಪು ತಿಳುವಳಿಕೆ ಗಂಡಸರಲ್ಲಿದೆ. ಜೈಲಿಗೆ ಹೋಗಿ ಬಂದರೆ ಬಾಕಿ ತೀರಿತೆಂದು ಅವರೆಣಿಕೆ. ತೀರುವುದಿಲ್ಲ. ಇದನ್ನು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ.

ಹೊಸದಾಗಿ ಅರ್ಜಿ ಹಾಕುವವರು ಗಂಡನ ಸಂಬಳ, ಅಂಗಡಿ, ಜಮೀನಿನ ವಿವರಗಳನ್ನು ಮೊದಲೇ ಕಲೆಹಾಕಿಕೊಳ್ಳಿ. ಇಬ್ಬರೂ ತಮ್ಮ ಆಸ್ತಿ, ಸಾಲ, ಆದಾಯದ ಪ್ರಮಾಣಪತ್ರ ಸಲ್ಲಿಸಬೇಕೆಂದು 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿದೆ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಬೇಕೆಂಬುದೂ ಅದೇ ತೀರ್ಪಿನಲ್ಲಿದೆ. ವಕೀಲರ ಶುಲ್ಕಕ್ಕೆ ಅಂಜಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ.

ಆ ಸಹೋದರಿಯ ಅರ್ಜಿಯನ್ನು ಅಂದೇ ಸಿದ್ಧಪಡಿಸಿದೆವು. ಕಳೆದ ಹನ್ನೆರಡು ತಿಂಗಳ 60,000 ರೂಪಾಯಿಗೆ ವಾರಂಟ್ ಕೇಳಿದ್ದೇವೆ. ಅದಕ್ಕೂ ಹಿಂದಿನ 1,10,000ದ ಮೇಲಿನ ಹಕ್ಕು ಹೋಗಿಲ್ಲ, ಆದರೆ ಅದಕ್ಕೆ ಬೇರೆಯೇ ಸಿವಿಲ್ ದಾರಿ ಹಿಡಿಯಬೇಕು. "ಅದಕ್ಕೆಷ್ಟು ವರ್ಷ ಬೇಕು ಮೇಡಂ?" ಎಂದು ಕೇಳಿದರು. ನಾನು ಅರ್ಜಿಯನ್ನು ಮುಂದಿಟ್ಟು, ಸಹಿ ಹಾಕಬೇಕಾದ ಜಾಗವನ್ನು ತೋರಿಸಿದೆ.