ಬಿದ್ದ ಮನೆ ಖಾತೆದಾರರದೋ, ವಾಸವಿದ್ದವರದೋ?



ಮಳೆಗೆ ಗೋಡೆ ಕುಸಿದು ಬೀದಿಗೆ ಬಿದ್ದ ಕುಟುಂಬಕ್ಕೆ ಪರಿಹಾರವಿಲ್ಲ, ಅದೇ ರಾತ್ರಿ ಬೇರೊಂದು ಬಡಾವಣೆಯ ತಾರಸಿ ಮನೆಯಲ್ಲಿ ನಿಶ್ಚಿಂತೆಯಿಂದ ನಿದ್ರಿಸಿದ ಖಾತೆದಾರರಿಗೆ ಮಾತ್ರ ಅದು ಸಲ್ಲುತ್ತದೆ ಎಂಬ ಉತ್ತರ ಕೊಟ್ಟು ಕಚೇರಿಯೊಂದು ಕೈತೊಳೆದುಕೊಂಡಿರುವುದನ್ನು ಈ ಭಾಗದ ಜನ ಬಾಯಿ ಮುಚ್ಚಿಕೊಂಡು ಒಪ್ಪಿಕೊಳ್ಳುವಂತಿಲ್ಲ. ಖಾತೆದಾರರೆಂದರೆ ಪಂಚಾಯಿತಿಯ ಅಥವಾ ನಗರಸಭೆಯ ಆಸ್ತಿ ವಹಿಯಲ್ಲಿ ಯಾರ ಹೆಸರಿನಲ್ಲಿ ಕಂದಾಯ ಪಾವತಿಯಾಗುತ್ತದೆಯೋ ಅವರು. ಅವರು ಆ ಸೂರಿನಡಿ ಒಂದು ದಿನವಾದರೂ ಒಲೆ ಹಚ್ಚಿದ್ದರೇ ಎಂದು ವಹಿ ಕೇಳುವುದಿಲ್ಲ, ಕಚೇರಿಯೂ ಕೇಳಲಿಲ್ಲ.

ಆ ಕುಟುಂಬ ವಾಸವಿದ್ದುದು ತಾನು ಕೂಲಿ ಮಾಡುವ ರೇಷ್ಮೆ ನೂಲು ಬಿಚ್ಚುವ ಘಟಕದ ಹಿಂಬದಿಯ ಶೀಟಿನ ಕೋಣೆಯಲ್ಲಿ. ಸ್ಥಳ ಮಹಜರಿನಲ್ಲಿ, ಅಂದರೆ ನಷ್ಟವನ್ನು ಕಣ್ಣಾರೆ ಕಂಡು ಸಾಕ್ಷಿಗಳ ಸಹಿಯೊಡನೆ ಬರೆದುಕೊಳ್ಳುವ ದಾಖಲೆಯಲ್ಲಿ, ಗೋಡೆ ಮಣ್ಣಿನದೋ ಇಟ್ಟಿಗೆಯದೋ ಎಂಬುದಿದೆ, ಉದ್ದಗಲವಿದೆ, ಮಾಲೀಕರ ಹೆಸರೂ ಇದೆ. ಗೋಡೆಯ ಕೆಳಗೆ ಸಿಕ್ಕಿ ನುಜ್ಜುಗುಜ್ಜಾದ ಸ್ಟೀಲ್ ಡಬ್ಬಗಳು, ನೆಂದು ಹಿಟ್ಟಾದ ಪಡಿತರದ ರಾಗಿ, ಮಕ್ಕಳ ಪುಸ್ತಕದ ಚೀಲ ಯಾರದೆಂಬುದು ಮಾತ್ರ ಇಲ್ಲ. ಬಾಡಿಗೆಯನ್ನು ಪ್ರತಿ ವಾರದ ಕೂಲಿಯಲ್ಲೇ ಮುರಿದುಕೊಳ್ಳುತ್ತಿದ್ದುದರಿಂದ ರಸೀದಿಯಿಲ್ಲ, ವಿದ್ಯುತ್ ಬಿಲ್ಲು ಘಟಕದ ಹೆಸರಿನಲ್ಲಿದೆ, ಪಡಿತರ ಚೀಟಿಯಲ್ಲಿರುವುದು ತವರೂರಿನ ವಿಳಾಸ. ಇಷ್ಟರ ಮೇಲೆ ಆ ಕುಟುಂಬದ ತಾಯಿಗೆ ಎದುರಾದ ಪ್ರಶ್ನೆ, “ಕರಾರು ಪತ್ರ ಎಲ್ಲಮ್ಮಾ?” ಎಂಬುದು. ಬಿಸಿನೀರಿನಲ್ಲಿ ಗೂಡು ಬೇಯಿಸಿ ಬೆರಳ ಚರ್ಮ ಸುಲಿಸಿಕೊಂಡವರು ಛಾಪಾ ಕಾಗದ ಕೊಂಡು, ವಕೀಲರನ್ನು ಕಂಡು, ಆಮೇಲೆ ಕೂಲಿಗೆ ಸೇರಬೇಕಿತ್ತೇನೋ!

ಕರಾರು ಇಲ್ಲದವರು ಕಾನೂನಿನ ಕಣ್ಣಿಗೆ ಕಾಣದವರೇನಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ತಿಂಗಳ ಬಾಡಿಗೆಯ ಮನೆಯನ್ನು ಬಿಡಿಸಲು, ಬೇರೆ ಒಪ್ಪಂದವಿಲ್ಲದಿದ್ದರೆ, 15 ದಿನಗಳ ನೋಟಿಸು ಬೇಕು. ಅದೇ ವರ್ಷದ ಅನುಭೋಗ ಹಕ್ಕುಗಳ ಕಾಯ್ದೆಯು ಬಾಡಿಗೆ ಹಕ್ಕಿಲ್ಲದೆ ಕೇವಲ ಮಾಲೀಕರ ಅನುಮತಿಯ ಮೇಲೆ ಇರುವವರಿಗೂ, ಅನುಮತಿ ರದ್ದಾದಾಗ ಜಾಗ ಬಿಡಲು ಮತ್ತು ಸಾಮಾನು ಸಾಗಿಸಲು ಸಾಕಷ್ಟು ಕಾಲಾವಕಾಶ ಕೊಟ್ಟಿದೆ. ಬ್ರಿಟಿಷರ ಕಾಲದ ಕಾಯ್ದೆ ಗುರುತಿಸಿದ ಮನುಷ್ಯರನ್ನು ಇಂದಿನ ಪರಿಹಾರದ ನಮೂನೆ ಗುರುತಿಸುವುದಿಲ್ಲ.

ಇದರ ಮೂಲ ವಿಪತ್ತು ಪರಿಹಾರ ನಿಧಿಯ ಮಾರ್ಗಸೂಚಿಯಲ್ಲಿದೆ. ಕೇಂದ್ರ ಗೃಹ ಸಚಿವಾಲಯವು 2022–26ರ ಅವಧಿಗೆ ಹೊರಡಿಸಿದ ಈ ಮಾರ್ಗಸೂಚಿ ಬಯಲು ಸೀಮೆಯಲ್ಲಿ ಪೂರ್ಣ ಹಾನಿಯಾದ ಮನೆಗೆ 1,20,000 ರೂಪಾಯಿ, ಗುಡಿಸಲಿಗೆ 8,000 ರೂಪಾಯಿ ಗೊತ್ತುಪಡಿಸಿ, ಮನೆಯು ಅಧಿಕೃತ ಕಟ್ಟಡವೆಂದು ಸಕ್ಷಮ ಪ್ರಾಧಿಕಾರ ದೃಢೀಕರಿಸಿರಬೇಕೆಂಬ ಷರತ್ತನ್ನು ಕೆಳಗೆ ಅಂಟಿಸಿದೆ. ಆದರೆ ಅದೇ ಮಾರ್ಗಸೂಚಿಯಲ್ಲಿ ಬಟ್ಟೆಬರೆಗೆ 2,500 ಮತ್ತು ಪಾತ್ರೆ ಪಗಡೆಗೆ 2,500 ರೂಪಾಯಿಯನ್ನು ಕೊಡಬೇಕಾದದ್ದು ಕುಟುಂಬಕ್ಕೆ, ಕಟ್ಟಡಕ್ಕಲ್ಲ. ಅದನ್ನು ಪಡೆಯಲು ಮನೆಯ ಒಡೆತನ ಬೇಕೆಂದು ಎಲ್ಲಿಯೂ ಬರೆದಿಲ್ಲ. ಬರೆದಿಲ್ಲದ ಷರತ್ತನ್ನು ಬರೆದಿದೆಯೆಂದು ಓದಿ ಹೇಳುವ ವಿದ್ವತ್ತು ಕಚೇರಿಗೆ ಎಲ್ಲಿಂದ ಬಂತು? 2022ರ ಆಗಸ್ಟ್ ಕೊನೆಯಲ್ಲಿ ಭಕ್ಷಿ ಕೆರೆ ಒಡೆದು ರಾಮನಗರದ ತಗ್ಗಿನ ಮನೆಗಳಿಗೆ ನೀರು ನುಗ್ಗಿದಾಗ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರೇ ಬಂದು ನೋಡಿ ಹೋದರು, ಹೆದ್ದಾರಿಯಲ್ಲಿ ನಿಂತ ನೀರಿನ ಚಿತ್ರವನ್ನು ದೇಶವೆಲ್ಲ ಕಂಡಿತು. ಅಷ್ಟಾದರೂ ಮಹಜರಿನ ಹಾಳೆಗೆ ವಾಸವಿದ್ದವರ ಹೆಸರು ಬರೆಯುವ ಒಂದು ಗೆರೆ ಸೇರಲಿಲ್ಲ.

ವಾಸವಿದ್ದವರನ್ನು ಗುರುತಿಸುವುದಕ್ಕೆ ಕರ್ನಾಟಕದಲ್ಲಿ ಪೂರ್ವನಿದರ್ಶನ ಇಲ್ಲವೆನ್ನುವಂತೆಯೂ ಇಲ್ಲ. 1961ರ ಭೂಸುಧಾರಣಾ ಕಾಯ್ದೆಯ 38ನೇ ಕಲಮು ಪರರ ಜಮೀನಿನಲ್ಲಿ ವಾಸವಿರುವ ಕೃಷಿ ಕಾರ್ಮಿಕರಿಗೆ ಆ ಮನೆಯ ಒಡೆತನವನ್ನೇ ಕೊಡುತ್ತದೆ. ಮುಂದೆ ಸೇರಿದ 38ಎ ಕಲಮು ಖಾಸಗಿ ಜಮೀನಿನಲ್ಲಿರುವ ದಾಖಲೆರಹಿತ ಜನವಸತಿಗಳಿಗೆ, ಅಂದರೆ ಕಂದಾಯ ದಾಖಲೆಯಲ್ಲಿ ಊರೆಂದು ನಮೂದಾಗದ ಹಟ್ಟಿ, ತಾಂಡಾ, ದೊಡ್ಡಿಗಳಿಗೆ ಇದನ್ನು ವಿಸ್ತರಿಸಿತು. ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುವವರು ಕೃಷಿ ಕಾರ್ಮಿಕರು. ಅದೇ ಸೊಪ್ಪು ತಿಂದ ಹುಳುವಿನ ಗೂಡಿನಿಂದ ನೂಲು ತೆಗೆಯುವವರು ಅಲ್ಲ. ರಾಮನಗರ ರೇಷ್ಮೆ ನಗರಿಯೆಂದು ಸಭೆ ಸಭೆಯಲ್ಲಿ ಎದೆಯುಬ್ಬಿಸುವವರು ಈ ಗೆರೆ ಎಳೆದವರಾರೆಂದು ಯೋಚಿಸುವುದು ಒಳಿತು. 2013ರ ಭೂಸ್ವಾಧೀನ ಕಾಯ್ದೆಯ ಎರಡನೆಯ ಅನುಸೂಚಿಯಂತೂ, ಅಧಿಸೂಚನೆಗೆ ಹಿಂದಿನ ಮೂರು ವರ್ಷ ನಿರಂತರವಾಗಿ ಅಲ್ಲೇ ವಾಸವಿದ್ದು ಒಕ್ಕಲೆದ್ದ, ಸ್ವಂತ ನಿವೇಶನವಿಲ್ಲದ ಕುಟುಂಬಕ್ಕೂ ಮನೆ ಕೊಡಬೇಕೆನ್ನುತ್ತದೆ. ಸರ್ಕಾರವೇ ಮನೆ ಕೆಡವಿದರೆ ವಾಸ ಲೆಕ್ಕಕ್ಕೆ ಬರುತ್ತದೆ, ಮಳೆ ಕೆಡವಿದರೆ ಬರುವುದಿಲ್ಲ ಎಂಬ ತರ್ಕ ಯಾವ ಶಾಸ್ತ್ರದ್ದು?

ಇದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಪರಿಹಾರವಿಲ್ಲದಿದ್ದರೆ ವಸತಿ ಯೋಜನೆಗೆ ಅರ್ಜಿ ಹಾಕಿ ಎಂಬ ಉಪದೇಶ ಧಾರಾಳವಾಗಿ ಸಿಗುತ್ತದೆ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ನಡೆಯುವ ಬಸವ ವಸತಿ ಯೋಜನೆಯಲ್ಲಿ ಫಲಾನುಭವಿಯಾಗಲು ಸ್ವಂತ ನಿವೇಶನವೋ ಕಚ್ಚಾ ಮನೆಯೋ ಇರಬೇಕು, ಆಯ್ಕೆಯು ಗ್ರಾಮಸಭೆಯಲ್ಲಾಗಬೇಕು. ಗ್ರಾಮಸಭೆಯಲ್ಲಿ ಕೈಯೆತ್ತಿ ಹೆಸರು ಸೂಚಿಸಲು ಊರಿನ ಬಲ ಬೇಕು. ಕೂಲಿಗೆ ವಲಸೆ ಬಂದವರಿಗೆ ನಿವೇಶನವೂ ಇಲ್ಲ, ಊರಿನ ಬಲವೂ ಇಲ್ಲ. 2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಮರುನಾಮಕರಣ ಮಾಡುವ ಉತ್ಸಾಹವಿತ್ತು. ಜಿಲ್ಲೆಯ ವಿಳಾಸ ಬದಲಿಸಿದವರು ವಿಳಾಸವೇ ಇಲ್ಲದವರ ಕಡೆ ಅರೆಕ್ಷಣ ನೋಡಿದ್ದರೆ ಈ ಪತ್ರದ ಅಗತ್ಯ ಬೀಳುತ್ತಿರಲಿಲ್ಲ.

ಮಾಲೀಕರಿಗೂ ನಷ್ಟವಾಗಿದೆಯಲ್ಲ ಎನ್ನುವವರಿದ್ದಾರೆ. ಆಗಿರಬಹುದು, ಶೆಡ್ಡು ಮತ್ತೆ ಏಳುತ್ತದೆ, ಚರಕ ಮತ್ತೆ ತಿರುಗುತ್ತದೆ. ಒಳಗಿದ್ದ ಕುಟುಂಬ ಮಾತ್ರ ಟಾರ್ಪಾಲಿನ ಕೆಳಗಿದೆ.

ಆದುದರಿಂದ ಜಿಲ್ಲಾಡಳಿತವು ಮಹಜರಿನಲ್ಲಿ ಮಾಲೀಕರ ಹೆಸರಿನ ಕೆಳಗೆ ವಾಸವಿದ್ದ ಕುಟುಂಬದ ಹೆಸರನ್ನೂ ನೆರೆಹೊರೆಯವರ ಹೇಳಿಕೆಯ ಆಧಾರದ ಮೇಲೆ ಬರೆಯುವಂತೆ ಗ್ರಾಮ ಆಡಳಿತಾಧಿಕಾರಿಗಳಿಗೆ ಆದೇಶಿಸಬೇಕು. ಬಟ್ಟೆ ಪಾತ್ರೆಗಳ ಪರಿಹಾರವನ್ನು ಆ ಕುಟುಂಬಕ್ಕೇ ಕೊಡಬೇಕು. ನಿವೇಶನ ಹಂಚುವಾಗ ಇಂಥವರ ಪಟ್ಟಿಯನ್ನು ಮೊದಲು ತೆಗೆದುಕೊಳ್ಳಬೇಕು. ಇವು ಆಗದ ಕೆಲಸಗಳೆಂದಾದರೆ, ಯಾವ ಕಾಯ್ದೆಯ ಯಾವ ಕಲಮಿನಿಂದ ಆಗದೆಂಬುದನ್ನು ಆ ಕುಟುಂಬದ ಅರ್ಜಿಗೆ ಲಿಖಿತ ಉತ್ತರವಾಗಿಯಾದರೂ ಕೊಡಬೇಕು.

— ಓದುಗರೊಬ್ಬರು, ಬೈರಾಪಟ್ಟಣ, ಚನ್ನಪಟ್ಟಣ ತಾಲ್ಲೂಕು